ಹಾರಿಸುವುದು, ಬಿಡುವುದು

ಮಾಸ್ತರರ ಎಡಗೈಯ ತೋರುಬೆರಳು ಕೊನೆಯ ಗೆಣ್ಣಿನಲ್ಲಿ ಸೊಟ್ಟಗಿತ್ತು. ಹೊಲಿಗೆ ಯಂತ್ರದ ಸೂಜಿ ಒಮ್ಮೆ ಅದರೊಳಗೇ ಮುರಿದಿತ್ತು. ಆ ಬೆರಳಿನ ಸಂದಿಯಲ್ಲಿ ಪಾರಿವಾಳದ ಎರಡೂ ಕಾಲು ಹಿಡಿದು, ಹೆಬ್ಬೆರಳನ್ನು ಬೆನ್ನ ಮೇಲೆ ಇಟ್ಟರೆ ಎಂಥ ಒರಟು ಗಂಡುಹಕ್ಕಿಯೂ ಸುಮ್ಮನಾಗುತ್ತಿತ್ತು.

ಪುಣೆ ಕ್ಯಾಂಪಿನ ಹಳೆಯ ಬಾಡಿಗೆ ಕಟ್ಟಡದಲ್ಲಿ ಅವರು ನನ್ನ ನೆರೆಯವರು. ಕೋಟು ಹೊಲಿಯುವ ಟೇಲರ್, ಆದ್ದರಿಂದ ಎಲ್ಲರಿಗೂ ಮಾಸ್ತರರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದ ನಾನು ಅವರಿಗೆ ‘ಸಿಸ್ಟರ್ ಬಾಯಿ’. ವಿನಯ ಅವರಲ್ಲಿ ಇರಲಿಲ್ಲ. ಉಸಿರು ಬಿಗಿಹಿಡಿದು ಅಳತೆ ಕೊಡುವ ಗಿರಾಕಿಗೆ, “ಹೊಟ್ಟಿ ಬಿಡ್ರಿ ಸಾಹೇಬ್ರ, ಮದುವಿ ಊಟದಾಗ ಹೆಂಗೂ ಬಿಡತೀರಿ” ಅನ್ನುವವರು. ಆದರೆ ಮಾಳಿಗೆಯ ಮೇಲೆ ಸಾಕಿದ್ದ ಹಕ್ಕಿಗಳ ಕಾಳು, ನೀರು, ಗೂಡಿನ ಕಸ, ಒಂದರ ಹೊತ್ತೂ ತಪ್ಪುತ್ತಿರಲಿಲ್ಲ. ವಾರ್ಡಿನ ಶಿಸ್ತಿನಲ್ಲಿ ಬಾಳಿದ ನನಗೆ ಅಷ್ಟು ಸಾಕಾಗಿತ್ತು.

ಆ ಕಟ್ಟಡ ಕೆಡವಿದಾಗ ನಮಗಿಬ್ಬರಿಗೂ ಸಾಸವಡ ರಸ್ತೆಯ ಎತ್ತರದ ಹೊಸ ಕಟ್ಟಡದಲ್ಲಿ ಮನೆ ಸಿಕ್ಕಿತು. ತಾರಸಿಯ ಮೇಲೆ ಗೂಡು ಕಟ್ಟಲು ಅವರು ಕೇಳಿ ಒಪ್ಪಿಗೆ ಪಡೆದಿದ್ದರು. ತೊಂದರೆ ಗೂಡಿನದಲ್ಲ, ಹಕ್ಕಿಗಳದು. ಒಂದು ಮಾಳಿಗೆಯಿಂದ ಹಾರಿ ಅಭ್ಯಾಸವಾದ ಪಾರಿವಾಳ ಎಲ್ಲಿ ಬಿಟ್ಟರೂ ಅಲ್ಲಿಗೇ ಮರಳುತ್ತದೆ. ಇವನ್ನು ಮಾರಿ ಎಳೆಯ ಮರಿ ತನ್ನಿ ಎಂದು ಎಲ್ಲರೂ ಹೇಳಿದರು.

“ನಮಗ ವಯಸ್ಸಾಗೇದಂತ ನಮ್ಮನ್ನ ಅಲ್ಲೇ ಬಿಟ್ಟು ಬಂದಾರೇನ್ರಿ?” ಎಂದರು ಮಾಸ್ತರರು.

ಗೂಡಿನ ಮೇಲೆ ತಂತಿಬಲೆಯ ಪಂಜರ ಕಟ್ಟಿದರು. ಹಕ್ಕಿಗಳು ಅದರಲ್ಲಿ ಕೂತು ಹೊಸ ಗುಡ್ಡ, ನೀರಿನ ಟಾಕಿ, ಆಕಾಶವನ್ನೆಲ್ಲ ನೋಡಿ ಗುರುತು ಮಾಡಿಕೊಳ್ಳಬೇಕು. ಜೋಡಿ ಕೂಡಿ, ಮೊಟ್ಟೆಯಿಟ್ಟು, ಇಲ್ಲಿ ಸಂಸಾರ ಹೂಡಬೇಕು. ಆಮೇಲೆ ಜೋಡಿಯಲ್ಲಿ ಒಂದನ್ನು ಮಾತ್ರ, ಹಸಿದ ಹೊತ್ತಿನಲ್ಲಿ ಹೊರಗೆ ಬಿಟ್ಟು, ಕಾಳಿನ ಡಬ್ಬಿ ಅಲ್ಲಾಡಿಸಿ ಕರೆಯಬೇಕು. “ಹಾರಸೂದು ಬ್ಯಾರೆ, ಬಿಡೂದು ಬ್ಯಾರೆ” ಎಂದು ತಾರಸಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಮೊಟ್ಟೆ ಬಂದವು. ಇನ್ನೇನು ಶುರುಮಾಡುವುದಿತ್ತು.

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಅಂಗಳದಲ್ಲಿ ಧ್ವಜ ಏರಿತು. ರಾಷ್ಟ್ರಗೀತೆ ಮುಗಿಯುತ್ತಲೇ ನಮ್ಮ ಸೊಸೈಟಿಯ ಕಾರ್ಯದರ್ಶಿ, “ಎಲ್ಲಾರೂ ಮ್ಯಾಲೆ ನೋಡ್ರಿ” ಎಂದ. ತಾರಸಿಯ ಮೇಲೆ ಆತನ ಕಡೆಯವರು ಪಂಜರದ ಬಾಗಿಲು ತೆಗೆದಿದ್ದರು. ಹಕ್ಕಿಗಳೆಲ್ಲ ಒಮ್ಮೆ ಸುತ್ತು ಹಾಕಿ ನೇರ ಕ್ಯಾಂಪಿನ ದಿಕ್ಕಿಗೆ ಹೋದವು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

“ಪುಣ್ಯದ ಕೆಲಸ ಆತು ಸಿಸ್ಟರ್. ಮೂಕ ಜೀವಕ್ಕೂ ಸ್ವಾತಂತ್ರ್ಯ ಬ್ಯಾಡೇನ್ರಿ?” ಎಂದ ಆತ. ನಮ್ಮ ವಿಜಯಪುರದ ಕಡೆಯವನೇ.

“ಹಂಗಾರ ನಿಮ್ಮ ಅವ್ವನ್ನೂ ಹೊರಗ ಹಾಕಿ ಬಾಗಲಾ ಹಾಕ್ಕೋರಿ. ಆಕೀಗೂ ಸ್ವಾತಂತ್ರ್ಯ ಬರಲಿ” ಎಂದೆ.

ಮಾಸ್ತರರು ಜಗಳಕ್ಕೆ ನಿಲ್ಲಲಿಲ್ಲ. ಮೇಲೆ ಹೋಗಿ ಮೊಟ್ಟೆ ಮುಟ್ಟಿ ನೋಡಿದರು. “ಇನ್ನಾ ಬೆಚ್ಚಗ ಅದಾವ್ರಿ” ಎಂದು, ಬುಟ್ಟಿ ಮತ್ತು ಕಾಳಿನ ಡಬ್ಬಿ ಹಿಡಿದು ಇಳಿದರು. ಗೂಡಿನ ಬಾಗಿಲು ತೆರೆದೇ ಇಟ್ಟು ಇಬ್ಬರೂ ರಿಕ್ಷಾ ಹಿಡಿದು ಕ್ಯಾಂಪಿಗೆ ಹೋದೆವು.

ಹಳೆಯ ಕಟ್ಟಡದ ಜಾಗದಲ್ಲಿ ತಗಡಿನ ಬೇಲಿ, ಅದರಾಚೆ ದೊಡ್ಡ ಗುಂಡಿ. ಹಕ್ಕಿಗಳು ಅದರ ಮೇಲೆ ಸುತ್ತುತ್ತಿದ್ದವು. ನಮ್ಮ ಮಾಳಿಗೆ ಇದ್ದ ಎತ್ತರಕ್ಕೇ ಇಳಿದು, ಕಾಲು ಚಾಚಿ, ಕೂರಲು ಏನೂ ಸಿಗದೆ ಮತ್ತೆ ಮೇಲೇರುತ್ತಿದ್ದವು. ಮಾಸ್ತರರು ರಸ್ತೆಯಲ್ಲಿ ನಿಂತು ಡಬ್ಬಿ ಅಲ್ಲಾಡಿಸಿ ಕರೆದೇ ಕರೆದರು. ಸಂಜೆ ಹಸಿವು ತಾಳದೆ ಹಲವು ಕೈಗೆ ಬಂದವು. ಕೆಲವನ್ನು ಹದ್ದು ಒಯ್ದಿತ್ತೋ ಏನೋ, ಬರಲಿಲ್ಲ. ಪುಣ್ಯದ ಲೆಕ್ಕದಲ್ಲಿ ಇವು ಎಲ್ಲಿ ಜಮೆಯಾದವೋ ಕಾರ್ಯದರ್ಶಿಯೇ ಹೇಳಬೇಕು.

ಮನೆಗೆ ಬಂದು ನೋಡಿದರೆ ಬೂದುಬಣ್ಣದ ಹೆಣ್ಣೊಂದು ತಾನಾಗಿ ಮರಳಿ ಮೊಟ್ಟೆಯ ಮೇಲೆ ಕೂತಿತ್ತು. ಮಾಸ್ತರರು ಡಬ್ಬಿಯಿಂದ ಒಂದು ಹಿಡಿ ಕಾಳು ತೆಗೆದು ಅದರ ಮುಂದೆ ಇಟ್ಟರು.

“ಒಬ್ಬಾಕಿಗರೆ ವಿಳಾಸ ಗೊತ್ತಾತ ನೋಡ್ರಿ” ಎಂದರು.

ಬಾಗಿಲಿಗೆ ಬೀಗ ಬಂತು. ಉಳಿದವುಗಳ ಜೊತೆ ಮೊದಲಿನಿಂದ ಶುರುಮಾಡಿದರು. ಚಳಿಗಾಲದ ಹೊತ್ತಿಗೆ ಎಲ್ಲ ಹಕ್ಕಿಗಳೂ ಹಾರಿ ಮರಳುತ್ತಿದ್ದವು. ಬೇಸಿಗೆಯಲ್ಲಿ ಮಾಸ್ತರರು ಹೃದಯಾಘಾತದಿಂದ ತೀರಿಕೊಂಡರು. ಕೀಲಿ ನನ್ನ ಕೈಗೆ ಬಂತು.

ಹದಿಮೂರನೆಯ ದಿನದ ಊಟ ಮುಗಿಸಿ ಕಾರ್ಯದರ್ಶಿ ನಾಲ್ಕು ಜನರೊಂದಿಗೆ ತಾರಸಿಗೆ ಬಂದ. “ಮಾಸ್ತರರ ಆತ್ಮಕ್ಕ ಶಾಂತಿ ಸಿಗಲಿ, ಇವನ್ನ ಬಿಟ್ಟುಬಿಡೂಣ್ರಿ” ಎಂದು ಕೈ ಮುಗಿದ.

ನಾನು ಬೀಗ ತೆಗೆದೆ. ಹಕ್ಕಿಗಳು ಗುಡ್ಡದವರೆಗೆ ಹೋಗಿ ಸುತ್ತು ಹೊಡೆದವು. ಆತ ಕಣ್ಣು ಮುಚ್ಚಿ ಏನೋ ಮಂತ್ರ ಹೇಳುತ್ತಿದ್ದ. ತೆರೆದಾಗ ಅವು ಒಂದೊಂದಾಗಿ ಆತನ ಕಾಲಸಂದಿಯಲ್ಲೇ ನಡೆದು ಒಳಗೆ ಹೋಗುತ್ತಿದ್ದವು.

“ಯಾಕ ಬಂದ್ವು ಮತ್ತ?” ಎಂದ.

“ಮನಿಗೆ ಬರಾಕ ಕಾರಣ ಬೇಕೇನ್ರಿ?” ಎಂದೆ. “ಸರೀರಿ, ದಾರ್ಯಾಗ ನಿಂತೀರಿ.”