ಎಡಚ ಮೇಸ್ತ್ರಿಯ ಮೂಲೆ

ಎಡಚ ಮೇಸ್ತ್ರಿಯ ಮಗಳು ಜೆರಾಕ್ಸ್ ಅಂಗಡಿಯಲ್ಲಿ ವಿಸಿಟಿಂಗ್ ಕಾರ್ಡು, ರಸೀದಿ ಪುಸ್ತಕ ಟೈಪ್ ಮಾಡುವವಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅದೇ ಹಳೇ ಕಂಪ್ಯೂಟರಿನ ಮುಂದೆ ಆರು ವರ್ಷ ಕೂತು ಒಂದು ಗೇಮ್ ಮಾಡಿದಳು. ಚೌಕ ಚೌಕದ ಇಟ್ಟಿಗೆ ಪೇರಿಸಿ ಮನೆ ಕಟ್ಟುವ ಆಟ. ಯಾರು ಬೇಕಾದರೂ ಮೊಬೈಲಿಗೆ ಪುಕ್ಕಟೆ ಇಳಿಸಿಕೊಳ್ಳಬಹುದು.

ಅಂಥ ಆಟಗಳಿಗೇನು ಬರವೇ? ಎಲ್ಲವೂ ಹೊರದೇಶದ ಒಂದು ಪ್ರಸಿದ್ಧ ಆಟವನ್ನು ನೋಡಿ ಮಾಡಿದವೇ. ಇವಳದೂ ಶುರುವಾದದ್ದು ಹಾಗೆಯೇ. ಹುಲ್ಲಿನ ಬಣ್ಣವನ್ನು ಕೂಡ ಅಲ್ಲಿಂದಲೇ ಎತ್ತಿದ್ದಳು. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ.

ಒಂದು ದಿನ ಅಪ್ಪ ಪರದೆ ನೋಡಿ ಮೂಗು ಮುರಿದ. "ಇಟ್ಟಿಗೆ ಸಂದಿನ ಮೇಲೇ ಇಟ್ಟಿಗೆ ಸಂದು ಕೂತಿದೆಯಲ್ಲೇ. ಇಂಥ ಗೋಡೆ ಒಂದು ಮಳೆಗಾಲಾನೂ ನಿಲ್ಲಲ್ಲ."

ಮಾತು ಅವಳ ತಲೆ ಹೊಕ್ಕಿತು. ಆಟಕ್ಕೆ ಅರ್ಧ ಇಟ್ಟಿಗೆ ತಂದಳು. ಸಂದು ತಪ್ಪಿಸಿ ಕಟ್ಟದಿದ್ದರೆ ಗೋಡೆ ಬಿರುಕು ಬಿಟ್ಟು ಉರುಳುವ ಹಾಗೆ ಮಾಡಿದಳು. ಇದು ಬೇರೆ ಯಾವ ಆಟದಲ್ಲೂ ಇರಲಿಲ್ಲ.

ಜೊತೆಗೊಂದು ತಪ್ಪೂ ಸೇರಿಕೊಂಡಿತು. ಅಪ್ಪ ಎಡಚ, ಗೋಡೆಯನ್ನು ಯಾವಾಗಲೂ ಎಡ ಮೂಲೆಯಿಂದಲೇ ಎತ್ತುವುದು ಅವನ ರೂಢಿ. ಚಿಕ್ಕಂದಿನಿಂದ ನೋಡಿದ ಮಗಳು ಕಸುಬಿನ ನಿಯಮವೇ ಅದು ಅಂದುಕೊಂಡು ಆಟದ ಕೋಡಿನಲ್ಲೂ ಹಾಗೇ ಬರೆದುಬಿಟ್ಟಳು. ಬಲ ಮೂಲೆಯಿಂದ ಶುರುಮಾಡಿದರೆ ಎಷ್ಟು ನೀಟಾಗಿ ಕಟ್ಟಿದರೂ ಗೋಡೆ ಬೀಳುತ್ತಿತ್ತು. ತಪ್ಪೆಂದು ಗೊತ್ತಾದ ಮೇಲೂ ತಿದ್ದಲು ಮನಸ್ಸು ಬರಲಿಲ್ಲ. ಅಪ್ಪನ ಕೈ ಅದರಲ್ಲಿದೆ ಎಂದು ಒಳಗೊಳಗೇ ಹೆಮ್ಮೆ.

ಆಮೇಲೆ ಒಂದು ದೊಡ್ಡ ಕಂಪನಿಯ ಪುಕ್ಕಟೆ ಆಟ ಬಂತು. ಎಲ್ಲರ ಕೈಯಲ್ಲೂ ಅದೇ. ಇವಳೂ ಇಳಿಸಿಕೊಂಡಳು. ಅರ್ಧ ಇಟ್ಟಿಗೆ ಇತ್ತು, ಬಿರುಕೂ ಇತ್ತು. ಬಲ ಮೂಲೆಯಿಂದ ಕಟ್ಟಿದಳು. ಗೋಡೆ ಉರುಳಿತು. ಇವಳ ಕೋಡನ್ನು ತಪ್ಪಿನ ಸಮೇತ ಎತ್ತಿದ್ದರು.

"ಕಳ್ಳರಿಗೆ ನನ್ನ ಎಡಗೈನೂ ಬೇಕಾಯ್ತಾ?" ಎಂದು ಅಪ್ಪ ನಕ್ಕ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಪ್ ಸ್ಟೋರಿನವರಿಗೆ ದೂರು ಬರೆದಳು. ಬಲ ಮೂಲೆಯ ತಪ್ಪು ಕೋಡಿನ ಯಾವ ಸಾಲಿನಲ್ಲಿದೆ, ಹೇಗೆ ಆಯಿತು, ಎಲ್ಲವನ್ನೂ ಎಳೆಎಳೆಯಾಗಿ ಬಿಡಿಸಿಟ್ಟಳು. ಈ ತಪ್ಪು ಮಾಡಬೇಕಾದರೆ ನನ್ನಪ್ಪನಿಗೇ ಹುಟ್ಟಿರಬೇಕು ಎಂದೂ ಸೇರಿಸಿದಳು. ದೂರಿನ ಪ್ರತಿ ಕಂಪನಿಗೂ ಹೋಗುತ್ತದೆ ಎಂದು ದೂರಿನ ಫಾರಂನ ಕೆಳಗೆ ಸಣ್ಣಕ್ಷರದಲ್ಲಿತ್ತು. ಹೋಗಲಿ, ನಾಚಿಕೆಯಾದರೂ ಆಗಲಿ ಅಂದುಕೊಂಡಳು.

ನಾಚಿಕೆಯಂತೆ ನಾಚಿಕೆ! ಹತ್ತೇ ದಿನಕ್ಕೆ ಕಂಪನಿಯ ಆಟ ತಿದ್ದುಪಡಿಯಾಗಿ ಬಂತು. ಬಲ ಮೂಲೆ ಸರಿಹೋಗಿತ್ತು. ಮರುವಾರ ಸ್ಟೋರಿನ ಉತ್ತರ: ನೀವು ಹೇಳಿದ ತಪ್ಪು ಆ ಆಟದಲ್ಲಿ ಇಲ್ಲ, ನಿಮ್ಮ ಆಟದ ಹುಲ್ಲು ಮಾತ್ರ ಬೇರೆಯವರದು, ಆದ್ದರಿಂದ ನಿಮ್ಮದನ್ನು ನಕಲೆಂದು ತೆಗೆದುಹಾಕಿದ್ದೇವೆ.

ಅಪ್ಪ ಮೊಬೈಲು ಇಸಿದುಕೊಂಡು ಕಂಪನಿಯ ಆಟದಲ್ಲಿ ಬಲದಿಂದ ಒಂದು ಗೋಡೆ ಕಟ್ಟಿದ, ಎಡದಿಂದ ಒಂದು. ಎರಡೂ ನಿಂತವು.

"ಕೆಲಸ ಗೊತ್ತಿರೋರು ಕಣೇ," ಎಂದ. "ಇಷ್ಟು ಸಣ್ಣದನ್ನ ವರ್ಷಗಟ್ಟಲೆ ನೀನ್ಯಾಕೆ ತಿದ್ಲಿಲ್ಲ?"

 ಅವಳು ಮೊಬೈಲು ತೆಗೆದುಕೊಂಡಳು, ಅಂಗಡಿಗೆ ಹೊರಟಳು.