ಯಲ್ಲಾಲಿಂಗರ ಹಲಗೆಯ ಮೇಲೆ ಜೋಡಿ ಹಳಿ

ಬೊರಿವಲಿಯ ಚಾಳಿನಲ್ಲಿ ಇನ್ನೂ ನಲ್ಲಿ ನೀರು ಬಂದಿಲ್ಲ. ಯಲ್ಲಾಲಿಂಗ ಆಗಲೇ ಎದ್ದು ಪ್ಲೈವುಡ್ ಹಲಗೆಯ ಮುಂದೆ ಕುಳಿತಿದ್ದಾರೆ. ಹಲಗೆಯ ಮೇಲೆ ಆಟಿಕೆ ರೈಲಿನ ಎರಡು ಸುತ್ತು ಹಳಿ, ಒಂದರ ಪಕ್ಕ ಒಂದು. ನಿನ್ನೆ ಅಂಟು ಹಾಕಿದ ಸಣ್ಣ ಕಲ್ಲು ಒಣಗಿದೆ. ಹಳಿಯ ಮೇಲೆ ಉಳಿದ ಹರಳನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಗುಡಿಸುತ್ತಿದ್ದಾರೆ. ಆ ಕಲ್ಲನ್ನು ಸೋಸಿದ್ದು ಹೆಂಡತಿ ಕಸ್ತೂರಿಬಾಯಿಯ ಅಡುಗೆಯ ಸಾಣಿಗೆಯಲ್ಲೇ.

"ರೊಟ್ಟ್ಯಾಗ ಹಳ್ಳು ಸಿಕ್ರ ನನಗ ಅನಬ್ಯಾಡ್ರಿ" ಎಂದು ಆಕೆ ಒಲೆಯ ಮುಂದಿನಿಂದಲೇ ಹೇಳುತ್ತಾರೆ.

ಆಳಂದದ ಕಡೆಯಿಂದ ಬಂದ ಯಲ್ಲಾಲಿಂಗ ಲೋಕಲ್ ರೈಲಿನ ಹಳಿಗಳಿಗೆ ಕಲ್ಲು ತುಂಬುತ್ತಲೇ ತಲೆ ನರೆಸಿಕೊಂಡವರು. ಈಗ ಗುತ್ತಿಗೆದಾರರೊಬ್ಬರ ತಂಡದ ಮುಕಾದಮ, ಎಂದರೆ ಮೇಸ್ತ್ರಿ. ಆಟಿಕೆಯ ಹುಚ್ಚು ಅವರಿಗೆ ಎಂದೂ ಇರಲಿಲ್ಲ. ಹೋದ ಮಳೆಗಾಲದಲ್ಲಿ ಜೊತೆಗಾರ ಬಂಡೆಪ್ಪ ತೀರಿಕೊಂಡ ಮೇಲೆ ಈ ಹಲಗೆ ಮನೆಗೆ ಬಂತು. ಲೋಕಲ್ ಬಂತೆಂದು ಬಂಡೆಪ್ಪ ಪಕ್ಕದ ಹಳಿಗೆ ಸರಿದಿದ್ದರು. ಅದರ ಮೇಲೆ ಹಿಂದಿನಿಂದ ಇನ್ನೊಂದು ಗಾಡಿ ಬರುತ್ತಿತ್ತು. ಒಂದರ ಸದ್ದಿನಲ್ಲಿ ಇನ್ನೊಂದರ ಸದ್ದು ಅಡಗಿಹೋಗಿತ್ತು.

"ಎರಡೂ ಹಳಿ ಬಿಟ್ಟು ಹೊರಗ ನಿಲ್ರಿ ಅಂತ ದಿನಾ ಬಡ್ಕೋತೀನ್ರಿ. ಎಲ್ರೂ ಹೂಂ ಅಂತಾರ. ಗಾಡಿ ಬಂದಾಗ ಕಾಲು ತಾನೇ ಬಾಜೂ ಹಳಿಗಿ ಹೋಗ್ತದ. ಬಂಡೆಪ್ಪಗೂ ನಾನೇ ಹೇಳಿದ್ದೆ" ಎನ್ನುತ್ತಾರೆ. ಆ ಸಾವು ಅವರ ಎದೆಯಿಂದ ಇನ್ನೂ ಇಳಿದಿಲ್ಲ. ಹೊಸಬರು ಯಾರೇ ಬರಲಿ, ಹಳಿಗೆ ಕಾಲಿಡುವ ಮುಂಚೆ ಈ ಹಲಗೆಯ ಮುಂದೆ ಕೂರಲೇಬೇಕು ಎಂಬುದು ಈಗ ಅವರ ಹಟ.

ಬೈಕುಲ್ಲಾದ ಗುಜರಿಯಲ್ಲಿ ಎರಡು ಹಳೆಯ ಆಟಿಕೆ ರೈಲು ಸಿಕ್ಕವು. ಕಟ್ಟಲು ಕುಳಿತಾಗ ಕಲಿತ ವಿದ್ಯೆಯೇ ಕೈಕೊಟ್ಟಿತು. ನಿಜವಾದ ರೈಲುದಾರಿಗೆ ಮೊದಲು ಕಲ್ಲಿನ ಹಾಸು, ಆಮೇಲೆ ಹಳಿ. ಇಲ್ಲೂ ಹಾಗೇ ಮಾಡಿದರು. ಅಂಟಿದ ಕಲ್ಲಿನ ಮೇಲೆ ಹಳಿ ಸಮ ಕೂರಲಿಲ್ಲ, ರೈಲು ಮಗುಚಿತು. ಎಲ್ಲ ಕಿತ್ತು ಮತ್ತೆ ಶ್ರೀಕಾರ ಹಾಕಬೇಕಾಯಿತು.

"ಸಣ್ಣ ಹಳಿಗಿ ಎಲ್ಲಾ ಉಲ್ಟಾ ಅದ್ರಿ. ಮೊದಲ ಹಲಗಿ ಅಲುಗಾಡಬಾರ್ದು. ಆಮ್ಯಾಲ ಹಳಿ ಜೋಡಿಸಿ ಗಾಡಿ ಓಡಿಸಿ ನೋಡ್ಬೇಕು. ಓಡಿದ ಮ್ಯಾಲೇ ಕಲ್ಲು, ಅಂಟು."

ಇಂದು ತಂಡ ಸೇರುವ ದಾನೇಶ್ವರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಎರಡು ಮಕ್ಕಳ ತಾಯಿ, ಇದುವರೆಗೆ ಬಿಲ್ಡಿಂಗ್ ಕೆಲಸ ಮಾಡಿದವರು. ಯಲ್ಲಾಲಿಂಗ ಒಂದು ಹಳಿಯ ಮೇಲೆ ಮಣ್ಣಿನ ಪುಟ್ಟ ಗೊಂಬೆ ನಿಲ್ಲಿಸಿ ಎರಡೂ ರೈಲು ಬಿಡುತ್ತಾರೆ.

"ಗಾಡಿ ಬಂತವ್ವಾ, ಈಕಿನ್ನ ಸರಸು!"

ದಾನೇಶ್ವರಿ ಗಡಬಡಿಸಿ ಗೊಂಬೆಯನ್ನು ಪಕ್ಕದ ಹಳಿಗೆ ಇಡುತ್ತಾರೆ. ಹಿಂದಿನಿಂದ ಬಂದ ಎರಡನೇ ರೈಲು ಅದನ್ನು ಕೆಡವುತ್ತದೆ. ಆಕೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ.

"ತಪ್ಪಾತ್ರಿ ಅಣ್ಣಾ."

"ಆಗಲವ್ವಾ, ತಪ್ಪೋದಿದ್ರ ಇಲ್ಲೇ ತಪ್ಪು" ಎಂದು ಯಲ್ಲಾಲಿಂಗ ಗೊಂಬೆಯನ್ನು ಎತ್ತಿ ಆಕೆಯ ಅಂಗೈಗೆ ಇಡುತ್ತಾರೆ. "ಇಲ್ಲಿ ಬಿದ್ದಾಕಿನ್ನ ಮತ್ತ ಎಬ್ಬಿಸಿ ನಿಲ್ಲಿಸ್ಬಹುದು."