ಶೆಣೈ ಮಾಮನ ಮೂರು ನಿಮಿಷ

"ನಿಮ್ಮ ಕಾಫಿ ಉಂಟಲ್ಲ ಶಾರದಮ್ಮ, ಅದು ಬಹಳ..." ಎಂದು ಶುರು ಮಾಡಿದ ಶೆಣೈ ಮಾಮ ಬಾಯಿ ಮುಚ್ಚಿಬಿಟ್ಟರು. ಲೋಟ ಕೈಯಲ್ಲೇ ಇತ್ತು. ತೋರುಬೆರಳು ಮೇಲೆದ್ದಿತ್ತು. ಕಣ್ಣು ಸಮುದ್ರದ ಕಡೆ. ಹೊಗಳುತ್ತಾರೆಂದು ನಾನು ಸೆರಗು ಸರಿಮಾಡಿಕೊಂಡು ಕಾದೆ. ಕಾದೆ, ಇನ್ನೂ ಕಾದೆ. ಮನುಷ್ಯನಿಗೆ ಏನಾದರೂ ಆಯಿತೇನೋ ಎಂದು ಮೊಮ್ಮಗಳನ್ನು ಕೂಗಬೇಕು ಎನ್ನುವಷ್ಟರಲ್ಲಿ ಬೆರಳು ಇಳಿಯಿತು.

"...ನೀರು," ಎಂದರು.

ಮಲೇಷ್ಯಾದ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ, ನಮ್ಮ ಕಾಂಡೋದ ಈಜುಕೊಳದ ಪಕ್ಕದ ಬೆಂಚಿನಲ್ಲಿ ನಮಗೆ ಪರಿಚಯವಾದದ್ದು ಹೀಗೆ. ನಾನು ಮೈಸೂರಿನಿಂದ ಮಗಳು ವೀಣಾಳ ಮನೆಗೆ ಬಂದವಳು. ಅವರು ಉಡುಪಿ ಕಡೆಯವರು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಮಗನ ಜೊತೆ ನಮ್ಮ ಕೆಳಗಿನ ಮಹಡಿಯಲ್ಲಿದ್ದರು. ಎಂಬತ್ತು ದಾಟಿದ್ದರೂ ಇಸ್ತ್ರಿ ಮಾಡಿದ ಬಿಳಿ ಷರಟು ತಪ್ಪಿಸಿದವರಲ್ಲ.

ಹರೆಯದಲ್ಲಿ ಅವರು ಸರಕಿನ ಹಡಗುಗಳಲ್ಲಿ ರೇಡಿಯೋ ಆಫೀಸರ್. ಆಗ ಒಂದು ಕಟ್ಟುನಿಟ್ಟು ಇತ್ತಂತೆ. ಪ್ರತಿ ಗಂಟೆಗೆ ಕಾಲು ಮತ್ತು ಮುಕ್ಕಾಲು ಆದಾಗ ಸಮುದ್ರದ ಮೇಲಿನ ಎಲ್ಲ ಹಡಗುಗಳೂ ಮೂರು ನಿಮಿಷ ರೇಡಿಯೋದಲ್ಲಿ ಮಾತು ನಿಲ್ಲಿಸಿ ಬರೀ ಕೇಳಬೇಕು. ಎಲ್ಲೋ ಮುಳುಗುತ್ತಿರುವವನ ಸಣ್ಣ ಕೂಗು ಗದ್ದಲದಲ್ಲಿ ಕಳೆದುಹೋಗಬಾರದಲ್ಲ. ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು, ಅಭ್ಯಾಸ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಮಾಮಕ್ ಎನ್ನುವ ಇಲ್ಲಿನ ತಿಂಡಿ ಅಂಗಡಿಯವನು "ತಪೌ ಆ, ಅಂಕಲ್?" ಎಂದು ಕಟ್ಟಿಕೊಡಬೇಕೋ ಎಂದು ಕೇಳಿದರೆ ಇವರದು ಬೆರಳು ಮೇಲೆ. ಕ್ಯೂನಲ್ಲಿ ಹಿಂದೆ ನಿಂತವರೆಲ್ಲ "ಫಾಸ್ಟ್ ಲಾ ಅಂಕಲ್!" ಎಂದು ಕೂಗಬೇಕು. ನಾನೂ ಕಮ್ಮಿಯವಳಲ್ಲ. ಅವರನ್ನು ಬೈಯುವುದಿದ್ದರೆ ಗಡಿಯಾರ ನೋಡಿ, ಕಾಲಾಗುವುದಕ್ಕೆ ಸರಿಯಾಗಿ ಬೈಯುತ್ತಿದ್ದೆ. ತಿರುಗಿ ಮಾತಾಡುವ ಹಾಗಿಲ್ಲ, ಪಾಪ.

ಒಂದು ಸಂಜೆ, ಸಮುದ್ರವೂ ಆಕಾಶವೂ ಒಂದೇ ಬೂದುಬಣ್ಣಕ್ಕೆ ತಿರುಗಿ ಗೆರೆಯೇ ಕಾಣದಿದ್ದಾಗ, ಕ್ಯೂಬಾದ ಕತೆ ಹೇಳಿದರು. ಅಮೆರಿಕ, ರಷ್ಯಾ ಅಣುಬಾಂಬು ಹಿಡಿದು ಎದುರುಬದುರು ನಿಂತಿದ್ದಾಗ ಇವರಿನ್ನೂ ಮೀಸೆ ಚಿಗುರಿದ ಹುಡುಗ, ಹಡಗು ಅಟ್ಲಾಂಟಿಕ್ ನಡುವೆ.

"ಇಯರ್‌ಫೋನ್ ಇಟ್ರೆ ಇಡೀ ಆಕಾಶ ಕಿರುಚ್ತಾ ಉಂಟು. ಎಲ್ರಿಗೂ ಹೆದರಿಕೆ. ನಾನು ಅಮ್ಮನನ್ನು ನೆನೆಸಿ ಅಳ್ತಾ ಇದ್ದೆ ಮಾರಾಯ್ತಿ. ಮುಕ್ಕಾಲು ಆಯ್ತು ನೋಡಿ, ಎಲ್ಲ ಬಂದ್! ಯುದ್ಧದ ಹಡಗಿಂದು ನಂಗೊತ್ತಿಲ್ಲ. ಸರಕಿನ ಹಡಗು, ಅವರದ್ದು, ಇವರದ್ದು, ಎಲ್ಲ ಸುಮ್ಮನೆ. ನಾಳೆ ಲೋಕವೇ ಇರ್ತದೋ ಇಲ್ವೋ, ಆದ್ರೂ ಮುಳುಗುವವನಿಗೆ ಕಿವಿ ಕೊಟ್ಟು ಕೂತಿದ್ದಾರೆ. ಆಮೇಲೆ ನನಗೆ ನಿದ್ದೆ ಬಂತು."

ಕಳೆದ ವರ್ಷ ಮತ್ತೆ ಎರಡು ದೊಡ್ಡ ದೇಶಗಳು ಹಾಗೇ ಎದುರುಬದುರು ನಿಂತವು. ಅವುಗಳಲ್ಲೊಂದಕ್ಕೆ ವೀಣಾ ಫ್ಯಾಕ್ಟರಿ ಕೆಲಸಕ್ಕೆಂದು ಹೋಗಿದ್ದಳು. ವಿಮಾನಗಳ ಹಾರಾಟ ನಿಂತಿತು, ಅವಳ ಫೋನೂ ಸತ್ತಿತು. ನಮ್ಮ ಮನೆಯಲ್ಲಿ ಜಾತ್ರೆ. ಅಳಿಯ ಗಿರೀಶ ಬಿಡದೆ ಅವಳ ನಂಬರ್ ಒತ್ತುತ್ತಿದ್ದ. ನನ್ನ ಫೋನಿಗೆ ಮೈಸೂರಿನ ನೆಂಟರೆಲ್ಲ ಒಬ್ಬರ ಹಿಂದೊಬ್ಬರು. ನಾನು ಎಲ್ಲರ ಹತ್ತಿರವೂ ಅತ್ತೆ, ಅತ್ತದ್ದನ್ನೇ ಅತ್ತೆ. ನನ್ನ ಮಗಳು ಬದುಕಿದ್ದಾಳೋ ಇಲ್ಲವೋ ಎಂದು ಹೇಳುವವರು ಒಬ್ಬರೂ ಇಲ್ಲ.

ಶೆಣೈ ಮಾಮ ಮೆಟ್ಟಿಲು ಹತ್ತಿ ಬಂದರು. ಬೆರಳು ಎತ್ತಿದರು.

"ಅಂಕಲ್, ಈಗ ಇದೆಲ್ಲ ಬೇಕಾ?" ಗಿರೀಶ ರೇಗಿದ.

"ಎಲ್ರೂ ಕೂಗಿದ್ರೆ ಕೇಳುವವ ಯಾರು ಮಾರಾಯಾ? ಇಡು ಕೆಳಗೆ."

ಫೋನುಗಳನ್ನು ಟೀಪಾಯಿಯ ಮೇಲೆ ಅಂಗಾತ ಮಲಗಿಸಿದೆವು. ನೆಂಟರ ಕರೆ ಬಂದರೆ ಕತ್ತರಿಸಿದೆವು. ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ಕಿಟಕಿಯಾಚೆ ವಿಮಾನಗಳಿಲ್ಲದ ಆಕಾಶ ನೀರಿನ ತಳದ ಹಾಗಿತ್ತು. ನಾವೆಲ್ಲ ಆ ತಳದಲ್ಲಿ ಕೂತ ಹಾಗೆ. ಮೊದಲ ಸಲ ಏನೂ ಬರಲಿಲ್ಲ. ಅರ್ಧ ಗಂಟೆಯ ನಂತರ ಮತ್ತೆ ಬೆರಳೆತ್ತಿದರು. ನನ್ನ ಫೋನು ನಡುಗಿತು, ಗುರುತಿಲ್ಲದ ನಂಬರು.

"ಅಮ್ಮಾ! ಹೋಟೆಲಿನ ಒಂದೇ ಫೋನು, ಬೆಳಿಗ್ಗೆಯಿಂದ ಕ್ಯೂ ನಿಂತು ನಿಂತು ಮಾಡ್ತಿದ್ದೀನಿ, ನೀವಿಬ್ರೂ ಯಾವಾಗ್ಲೂ ಎಂಗೇಜು! ಯಾರ ಹತ್ರ ಅಷ್ಟೊಂದು ಹರಟೆ?"

ನಾನು ಆಗ ಅತ್ತದ್ದು ಬೇರೆ ಅಳು. ತಿರುಗಿ ನೋಡಿದರೆ ಶೆಣೈ ಮಾಮನ ಬೆರಳು ಇನ್ನೂ ಮೇಲೇ ಇತ್ತು. ಮೂರು ನಿಮಿಷ ಮುಗಿದಿರಲಿಲ್ಲವಲ್ಲ. ಇನ್ನೊಬ್ಬರ ಮಗಳು ಕೂಗಬಹುದು.

ಆ ದೇಶಗಳು ಒಂದೊಂದು ಹೆಜ್ಜೆ ಹಿಂದೆ ಸರಿದವು, ವೀಣಾ ಬಂದಳು, ನಮ್ಮ ಸಮುದ್ರದ ಮೇಲೆ ವಿಮಾನಗಳು ಮತ್ತೆ ಇಳಿಯತೊಡಗಿದವು. ಶೆಣೈ ಮಾಮ ಮಾತ್ರ ಆಸ್ಪತ್ರೆ ಸೇರಿದರು. ಫ್ಲಾಸ್ಕಿನಲ್ಲಿ ಕಾಫಿ ಒಯ್ದೆ, ಈ ಸಲ ಗಟ್ಟಿ ಡಿಕಾಕ್ಷನ್ ಹಾಕಿ. ಒಂದು ಗುಟುಕು ಕುಡಿದರು.

"ಶಾರದಮ್ಮ, ಇವತ್ತು ನಿಮ್ಮ ಕಾಫಿ ಬಹಳ..." ಎಂದವರು ಬೆರಳೆತ್ತಿದರು.

ಗೋಡೆಯ ಗಡಿಯಾರ ನೋಡಿದೆ. ಕಾಲೂ ಅಲ್ಲ, ಮುಕ್ಕಾಲೂ ಅಲ್ಲ. ಗಂಟೆ ತಪ್ಪಿದೆ ಮಾಮ ಎಂದು ಛೇಡಿಸಲು ನಾಲಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ತುಂಬ ದೂರದ್ದೇನನ್ನೋ. ಬೆರಳು ಮೆಲ್ಲಗೆ ಹೊದಿಕೆಯ ಮೇಲೆ ಇಳಿಯಿತು, ಅವರಿಗೆ ನಿದ್ದೆ ಹತ್ತಿತು. ನರ್ಸ್ ಬಂದು ಹೊತ್ತಾಯಿತೆಂದು ನನ್ನನ್ನು ಕಳಿಸಿದಳು. ಮರುದಿನ ಬೆಳಿಗ್ಗೆ ಮಾಮ ಹೋಗಿಬಿಟ್ಟರು.

ಈಗಲೂ ಬೆಂಚಿಗೆ ಎರಡು ಲೋಟ ಒಯ್ಯುತ್ತೇನೆ. ಕಾಲಾದಾಗ ಮೊಮ್ಮಗಳು "ಅಜ್ಜಿ, ಟಾಕ್ ಲಾ" ಎಂದು ಸೀರೆ ಎಳೆಯುತ್ತಾಳೆ. ನಾನು ಬೆರಳೆತ್ತುತ್ತೇನೆ. ಮಾಮ ಅರ್ಧಕ್ಕೆ ಬಿಟ್ಟ ಮಾತು ಇನ್ನೂ ಬರಬೇಕಿದೆ, ಹೊಗಳಿಕೆಯೋ, ನೀರೋ.